ತಗಡಿನ ಪಾದ್ರಿಗಳ ಕಿವಿ ಕಾಯ್ದವನು

ಧಾರವಾಡದ ಮಲ್ಲಿಕಾರ್ಜುನನ ಮಗಳು ಅದಿತಿ ಹುಟ್ಟಿ ಬೆಳೆದದ್ದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ. ಈಗ ಸೌಂಡ್ ಎಂಜಿನಿಯರ್ ಆಗಲು ಓದುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ, ಅರ್ಧ ಜರ್ಮನ್ ಅರ್ಧ ಇಂಗ್ಲಿಷಿನಲ್ಲಿ, "ವಾಲಿ ಓಪಾ, ಮೆಷಿನ್ನುಗಳ ಬಗ್ಗೆ ಪುಸ್ತಕದಲ್ಲಿ ಎಲ್ಲ ಇದೆ. ಕೆಲಸ ನಿಜವಾಗಿ ಹೇಗಿರುತ್ತದೆ ಅನ್ನುವುದು ಮಾತ್ರ ಇಲ್ಲ. ನೀನು ಬರೆದುಕೊಡು" ಎಂದಳು. ಓಪಾ ಎಂದರೆ ಅಜ್ಜ. ವಾಲಿ ಎಂದರೆ ನಾನು. ತಂದೆ-ತಾಯಿ ಇಟ್ಟ ಹೆಸರು ವಲೇರಿಯನ್. ಇಂಗ್ಲಿಷರು ಅದನ್ನು ವಾಲಿ ಮಾಡಿದರು. ಸುಗ್ರೀವ ಯಾರೂ ಸಿಗಲಿಲ್ಲವಾದ್ದರಿಂದ ನಾನು ಇನ್ನೂ ಬದುಕಿದ್ದೇನೆ.

"ಕನ್ನಡದಲ್ಲಿ ಬರೆಯುತ್ತೇನೆ" ಎಂದೆ. "ನನಗೆ ಓದಲು ಬರುವುದಿಲ್ಲವಲ್ಲ" ಎಂದಳು. "ನಿನ್ನಪ್ಪ ಓದಿ ಹೇಳಲಿ. ಜೋರಾಗಿ ಓದಬೇಕು, ಒಂದು ಸಾಲನ್ನೂ ಬಿಡಬಾರದು ಅಂತ ಹೇಳು" ಎಂದೆ. ಹಾಗೆ ಹೇಳಲು ಕಾರಣ ಉಂಟು. ಅದು ಕೊನೆಗೆ ಬರುತ್ತದೆ. ಮಲ್ಲು, ಕನ್ನಡಕ ಹಾಕಿಕೊಂಡು ಕೂತುಕೋ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಸೌಂಡಿನವರು ಇಬ್ಬರು ಬೇಕು. ಒಬ್ಬ ಸಭೆಯ ಮಧ್ಯದಲ್ಲಿ ಕೂತು ಜನರಿಗೆ ಕೇಳಿಸುತ್ತಾನೆ. ಇನ್ನೊಬ್ಬ ವೇದಿಕೆಯ ಪಕ್ಕದ ಕತ್ತಲೆಯಲ್ಲಿ ನಿಂತು ಹಾಡುವವರಿಗೆ, ಬಾರಿಸುವವರಿಗೆ ಕೇಳಿಸುತ್ತಾನೆ. ಅಷ್ಟು ಗದ್ದಲದಲ್ಲಿ ಅವರಿಗೆ ತಮ್ಮದೇ ಸ್ವರ ಕೇಳುವುದಿಲ್ಲ. ಯಾರಿಗೆ ಯಾವುದು ಎಷ್ಟು ಕೇಳಬೇಕು ಎಂದು ನೋಡಿಕೊಳ್ಳುವ ಈ ಎರಡನೆಯವನಿಗೆ ಮಾನಿಟರ್ ಎಂಜಿನಿಯರ್ ಎನ್ನುತ್ತಾರೆ. ಮದುವೆಯಲ್ಲಿ ಊಟ ಚೆನ್ನಾಗಿದ್ದರೆ ಬಡಿಸಿದವನಿಗೆ ಹೊಗಳಿಕೆ, ಉಪ್ಪು ಹೆಚ್ಚಾದರೆ ಒಲೆಯ ಮುಂದಿದ್ದವನಿಗೆ ಬೈಗುಳ. ನಾನು ಜೀವಮಾನವಿಡೀ ಒಲೆಯ ಮುಂದೆ ಇದ್ದೆ.

ಈ ವಿದ್ಯೆಯನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಉಡುಪಿಯ ಹತ್ತಿರ ನನ್ನ ಮೈಕ್ ಸೆಟ್ಟಿನ ಅಂಗಡಿ ಇತ್ತು. ಯಕ್ಷಗಾನ ಮೇಳಗಳ ಬೆನ್ನ ಹಿಂದೆ ತಿರುಗುತ್ತಿದ್ದೆ. ಕಿರಿಸ್ತಾನ ಹುಡುಗನಿಗೆ ಆಟದ ಹುಚ್ಚು ಯಾಕೆ ಎಂದು ಕೇಳುವವರು ನಮ್ಮ ಕರಾವಳಿಯವರಲ್ಲ. ಭಾಗವತರು ಪದ ಎತ್ತಿಕೊಂಡ ಕೂಡಲೇ ಅವರ ಮೈಕು ಎಷ್ಟು ಏರಬೇಕು, ಚೆಂಡೆಯವರು ಹುರುಪಿಗೆ ಬಂದರೆ ಯಾವಾಗ ಇಳಿಸಬೇಕು ಎಂಬುದು ನನ್ನ ಬೆರಳಿಗೆ ಗೊತ್ತಿತ್ತು. ಆಮೇಲೆ ಜೆಸಿಂತಾಳನ್ನು ಮದುವೆಯಾದೆ. ಅವಳು ನರ್ಸ್. ಅವಳಿಗೆ ನ್ಯೂರೆಂಬರ್ಗಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿಯ ವೀಸಾದ ಸೆರಗು ಹಿಡಿದುಕೊಂಡು ನಾನೂ ಹೋದೆ.

ಅಲ್ಲಿ ಬ್ರೂಕ್ನರ್ ಎಂಬವರ ಸೌಂಡ್ ಕಂಪನಿಯಲ್ಲಿ ಕೇಬಲ್ ಹೊರುವ ಕೆಲಸ ಸಿಕ್ಕಿತು. ಅವರ ತತ್ವಶಾಸ್ತ್ರವೆಲ್ಲ ಕೇಬಲ್ ಸುತ್ತುವುದರಲ್ಲೇ ಇತ್ತು. ಒಂದು ಸುತ್ತು ಮೇಲಿಂದ, ಮುಂದಿನ ಸುತ್ತು ಕೆಳಗಿಂದ. ಮೊಳಕೈಗೆ ಹಗ್ಗದ ಹಾಗೆ ಸುತ್ತಿದವನು ಅವರ ಕಣ್ಣಿನಲ್ಲಿ ಮನುಷ್ಯನೇ ಅಲ್ಲ. ನಾನು ಊರಿನ ಅಭ್ಯಾಸದಂತೆ ಮೊಳಕೈಗೇ ಸುತ್ತಿದೆ. ಅವರು ಬೈಯಲಿಲ್ಲ. ನಾನು ಸುತ್ತಿದ್ದನ್ನೆಲ್ಲ ಮೌನವಾಗಿ ಬಿಚ್ಚಿ ನೆಲದ ಮೇಲೆ ಹರವಿ ಚಹಾ ಕುಡಿಯಲು ಹೋದರು. ಅದಿತಿ, ನೀನು ಯಾವ ಡಿಗ್ರಿ ತಂದರೂ ಮೊದಲ ದಿನ ಯಾರಾದರೂ ನಿನ್ನ ಕೈ ನೋಡುತ್ತಾರೆ, ಕೇಬಲ್ ಸುತ್ತುವುದು ಹೇಗೆ ಅಂತ. ಅದನ್ನು ಮನೆಯಲ್ಲೇ ಕಲಿತು ಹೋಗು.

ಇನ್ನೊಂದು ಸಲ ಹೊಸ ಸೀಸನ್ನಿನ ಮೊದಲ ದಿನ, ಊರಿನಲ್ಲಿ ವೇಷ ಕಟ್ಟುವ ಚೌಕಿಯ ಪೂಜೆಯಾಗದೆ ಮೈಕಿನ ಗುಂಡಿ ಮುಟ್ಟದ ಅಭ್ಯಾಸವಿದ್ದ ನಾನು, ಮಿಕ್ಸರಿನ ಪಕ್ಕ ಒಂದು ಊದುಬತ್ತಿ ಹಚ್ಚಿಟ್ಟೆ. ಜರ್ಮನಿಯ ಸಭಾಂಗಣಗಳಲ್ಲಿ ಕಾರ್ಯಕ್ರಮ ಮುಗಿಯುವವರೆಗೆ ಅಗ್ನಿಶಾಮಕದವರೊಬ್ಬರು ಕಾವಲಿರುತ್ತಾರೆ. ಆ ಪುಣ್ಯಾತ್ಮ ಹೊಗೆಯ ಜಾಡು ಹಿಡಿದು ಬಂದು, ನನ್ನ ಊದುಬತ್ತಿಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿಕೊಂಡು ಹೋಗಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದ. ಬ್ರೂಕ್ನರ್ ಅವನ ಎದುರು ತಲೆ ತಗ್ಗಿಸಿ ನಿಂತರು. ಆಮೇಲೆ ನನ್ನ ಹತ್ತಿರ ಬಂದು, "ವಾಸನೆ ಚೆನ್ನಾಗಿತ್ತು" ಎಂದರು. ಅವರ ಕೈಕೆಳಗೆ ಅಷ್ಟು ವರ್ಷ ದುಡಿಯಲು ಅದೊಂದು ಮಾತು ನನಗೆ ಸಾಕಾಯಿತು.

ಟಿನ್ ಪಾರ್ಸನ್ ಎಂಬ ಇಂಗ್ಲಿಷ್ ಹಾರ್ಡ್ ರಾಕ್ ತಂಡ ಜರ್ಮನಿಗೆ ಬಂದಾಗಲೆಲ್ಲ ಬ್ರೂಕ್ನರರ ಕಂಪನಿಯದೇ ಸೌಂಡು. ಕನ್ನಡದಲ್ಲಿ ಹೇಳುವುದಾದರೆ ತಗಡಿನ ಪಾದ್ರಿ. ಈ ಹೆಸರನ್ನು ನಾನು ನಮ್ಮ ಚರ್ಚಿನ ಫಾದರಿಗೆ ಕೊನೆಯವರೆಗೂ ಹೇಳಲಿಲ್ಲ. ಇಂಗ್ಲಿಷ್ ಸಂಗೀತ ತಂಡ ಎಂದಷ್ಟೇ ಹೇಳಿದ್ದೆ. ಅವರು ಅದು ಭಕ್ತಿಗೀತೆಯೆಂದು ತಿಳಿದು ಆಶೀರ್ವಾದ ಮಾಡಿದ್ದರು.

ತಂಡದಲ್ಲಿ ನಾಲ್ವರು. ಲೆನರ್ಡ್ ಗಿಟಾರ್ ನುಡಿಸುವವನು, ತಂಡ ಕಟ್ಟಿದವನು, ಯಜಮಾನ. ಗಾರ್ಡನ್ ಹಾಡುವವನು. ಪೀಟ್ ಡ್ರಮ್ಸ್. ಇನ್ನು ಬೇಸ್ ಗಿಟಾರಿನವನು ಬಹಳ ಒಳ್ಳೆಯ ಮನುಷ್ಯ. ಅವನ ಬಗ್ಗೆ ಯಾರೂ ಅದಕ್ಕಿಂತ ಹೆಚ್ಚು ಹೇಳಿದ್ದನ್ನು ನಾನು ಕೇಳಿಲ್ಲ.

ಒಂದು ಟೂರಿನಲ್ಲಿ ಮಾನಿಟರಿನವನು ಕಾಯಿಲೆ ಬಿದ್ದ. ಬ್ರೂಕ್ನರ್ ನನ್ನನ್ನು ಅಲ್ಲಿ ನಿಲ್ಲಿಸಿದರು. ನನಗೆ ಮೇಳದ ಲೆಕ್ಕ. ಹಿಮ್ಮೇಳಕ್ಕೂ ಮುಮ್ಮೇಳಕ್ಕೂ ಭಾಗವತರೇ ದೊರೆ. ಚೆಂಡೆ, ಮದ್ದಳೆ, ವೇಷಧಾರಿ ಎಲ್ಲರೂ ಅವರ ಸ್ವರಕ್ಕೆ ಕಿವಿ ಕೊಟ್ಟು ನಡೆಯಬೇಕು. ಹಾಗಾಗಿ ನಾನು ಗಾರ್ಡನ್‌ನ ಹಾಡನ್ನು ಎಲ್ಲರ ಕಾಲ ಬುಡದ ಸ್ಪೀಕರಿಗೂ ಧಾರಾಳವಾಗಿ ಬಿಟ್ಟೆ. ಯಾರೂ ಹೇಳದೆಯೇ ಇಷ್ಟು ಚೆನ್ನಾಗಿ ಮಾಡಿದೆನಲ್ಲ ಎಂದು ಹೆಮ್ಮೆಯಿಂದ ನಿಂತಿದ್ದೆ. ಮೊದಲ ಹಾಡಿನ ಎರಡನೇ ಸಾಲಿಗೆ ಲೆನರ್ಡ್ ಬಂದು ತನ್ನ ಮುಂದಿನ ಸ್ಪೀಕರಿಗೆ ಬೂಟುಗಾಲಿನಿಂದ ಒದ್ದ. ಜನ ಅದೂ ಆಟದ ಭಾಗವೆಂದು ಚಪ್ಪಾಳೆ ಹೊಡೆದರು.

ಆಮೇಲೆ ಗೊತ್ತಾಯಿತು. ಈ ಮೇಳದಲ್ಲಿ ಎಲ್ಲರೂ ನಡೆಯುವುದು ಡ್ರಮ್ಸಿನವನ ಹಿಂದೆ. ಹಾಡುವವನು ಎಲ್ಲರ ಮೇಲೆ ತೇಲುವವನು. ಅದು ಹಾಗಿರಲಿ, ಲೆನರ್ಡನಿಗೂ ಗಾರ್ಡನ್‌ಗೂ ಎಣ್ಣೆ ಸೀಗೆಕಾಯಿ. ವರ್ಷಗಳಿಂದ ಮಾತಿಲ್ಲ. ತನ್ನ ಸ್ಪೀಕರಿನಲ್ಲಿ ಗಾರ್ಡನ್‌ನ ಸ್ವರದ ಹನಿಯೂ ಇರಬಾರದೆಂಬುದು ಲೆನರ್ಡನ ಕಟ್ಟಪ್ಪಣೆಯಾಗಿತ್ತು. ಜಗಳ ಯಾಕೆ ಬಂತೆಂದು ಪೀಟನನ್ನು ಕೇಳಿದೆ. "ವ್ಯಾನಿನಲ್ಲಿ ಮುಂದಿನ ಸೀಟಿಗೆ ಇರಬೇಕು" ಎಂದ.

ಮಾತಿಲ್ಲ ಎಂದರೆ ಸುದ್ದಿ ಮುಟ್ಟುವುದಿಲ್ಲ ಎಂದಲ್ಲ. ಮಾತು ಬಿಟ್ಟ ವಾರಗಿತ್ತಿಯರು ಒಂದೇ ಅಡುಗೆಮನೆಯಲ್ಲಿ ನಿಂತು "ಉಪ್ಪು ಕೊಡಲಿಕ್ಕೆ ಹೇಳು" ಎಂದು ಮೂರನೆಯವರ ಕೈಲಿ ಹೇಳಿಸುತ್ತಾರಲ್ಲ, ಹಾಗೆ. ನಾನು ಅವರಿಬ್ಬರ ನಡುವೆ ತಂತಿ ಹಾಕುವವನು, ಆ ಮೂರನೆಯವನ ಕೆಲಸವೂ ನನಗೇ ಬಂತು. ಮೂರೂ ಜನ ಒಂದೇ ಮೇಜಿನಲ್ಲಿ ಕೂತಿರುವಾಗ ಲೆನರ್ಡ್ ನನ್ನ ಕಡೆ ತಿರುಗಿ, "ವಾಲಿ, ಎರಡನೇ ಹಾಡು ಬೇಗ ಶುರು ಮಾಡಿದ ಅಂತ ಅವನಿಗೆ ಹೇಳು" ಎನ್ನುತ್ತಿದ್ದ. ನಾನು ಗಾರ್ಡನ್ ಕಡೆ ತಿರುಗಿ ಹೇಳುತ್ತಿದ್ದೆ. ಗಾರ್ಡನ್, "ಅವನ ಗಡಿಯಾರ ನೋಡಿಕೊಳ್ಳಲಿಕ್ಕೆ ಹೇಳು" ಎನ್ನುತ್ತಿದ್ದ. ಅದನ್ನೂ ತಿರುಗಿ ಹೇಳುತ್ತಿದ್ದೆ. ಮನೆಗೆ ಬಂದು ಹೇಳಿದರೆ ಜೆಸಿಂತಾ, "ನಿಮ್ಗೆ ಸಂಬಳ ಕೊಡುದು ಎಂತಕ್ಕೆ ಮಾರಾಯ್ರೆ, ಸೌಂಡಿಗಾ, ಚಾಡಿಗಾ?" ಎಂದಳು. ನಮ್ಮ ಮನೆಮಾತು ಕೊಂಕಣಿ, ಆದರೆ ಕುಟುಕುವುದಿದ್ದರೆ ಅವಳು ಕನ್ನಡಕ್ಕೆ ಬರುತ್ತಾಳೆ.

ಹೀಗೆ ಟೂರು ಟೂರಿಗೂ ನಾನೇ ಮಾನಿಟರಿನವನಾದೆ. ಅಷ್ಟರಲ್ಲಿ ಜರ್ಮನಿ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡುತ್ತದೆಂಬ ಸುದ್ದಿ ಬಂತು. ಅದರ ಹಿಂದೆಯೇ ನಮ್ಮ ಹುಡುಗರು ಬಂದರು. ಅಲ್ಲಿಯವರೆಗೆ ನ್ಯೂರೆಂಬರ್ಗಿನ ಟ್ರಾಮಿನಲ್ಲಿ ಕನ್ನಡ ಕೇಳಬೇಕಿದ್ದರೆ ನಾನೇ ಮಾತಾಡಿಕೊಳ್ಳಬೇಕಿತ್ತು. ಈಗ "ಮಗಾ, ಆನ್‌ಮೆಲ್ಡುಂಗ್ ಆಯ್ತಾ?" "ಇಲ್ಲ ಗುರು, ಫೆರ್ಮೀಟರ್ ಪೇಪರ್ ಕೊಟ್ಟಿಲ್ಲ" ಎಂಬಂಥ ಮಾತು ಹಿಂದಿನ ಸೀಟಿನಿಂದ ಬರತೊಡಗಿತು. ಮನೆ ಸಿಕ್ಕಿದ ಮೇಲೆ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು, ಅದಕ್ಕೆ ಮನೆ ಮಾಲೀಕ ಕಾಗದ ಕೊಡಬೇಕು. ಕಂಪನಿಗಳ ತಲೆನೋವು ಬಿಡಿಸಲು ಬಂದ ಹುಡುಗರಿಗೆ ಮೊದಲು ಹಿಡಿಯುತ್ತಿದ್ದದ್ದು ಈ ತಲೆನೋವು.

ಹುಡುಗರು ಸೇರಿದ ಮೇಲೆ ಯುಗಾದಿ ಊಟ, ಗಣಪತಿ ಎಲ್ಲ ಶುರುವಾಯಿತು. ಮೈಕು ಇದ್ದ ಮೇಲೆ ನಾನೂ ಇರಲೇಬೇಕು. ಸ್ಟುಟ್‌ಗಾರ್ಟಿನಲ್ಲಿ ಒಂದು ಯುಗಾದಿಗೆ ನಾನು ಸ್ಪೀಕರ್ ಜೋಡಿಸುತ್ತಿದ್ದಾಗ, ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದ ಒಬ್ಬ ಹುಡುಗ ಬಂದು ನನ್ನ ಜಾಕೆಟ್ಟಿನ ಬೆನ್ನನ್ನೇ ನೋಡುತ್ತ ನಿಂತ. ಟೂರಿನವರು ಕೊಟ್ಟ ಜಾಕೆಟ್ಟು, ಬೆನ್ನಿನ ಮೇಲೆ ತಗಡಿನ ಪಾದ್ರಿಯ ಚಿತ್ರ.

"ಕಾಕಾ, ಇದು ಎಲ್ಲಿ ಸಿಕ್ತರೀ ನಿಮಗ?"

"ಅವರೇ ಕೊಟ್ಟದ್ದು. ಚಳಿಗೆ ಒಳ್ಳೆದಾಗ್ತದೆ."

"ಅವ್ರು ಅಂದ್ರ?"

"ಅದೇ, ಲೆನರ್ಡ್, ಗಾರ್ಡನ್. ನಾನು ಅವರ ಮಾನಿಟರ್ ಮಾಡುದು."

ಹುಡುಗ ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕುಸಿದು ಕೂತ. ಅವನೇ ಮಲ್ಲು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಟಿನ್ ಪಾರ್ಸನ್ ಕೇಳಿದವನು. ಮನೆಯಲ್ಲಿ ಅಪ್ಪ ಕಲಿಸಿದ್ದು ಹಿಂದೂಸ್ತಾನಿ, ಬಾಗಿಲು ಮುಚ್ಚಿಕೊಂಡು ಕೇಳಿದ್ದು ಇದು.

ಹೋಳಿಗೆ ಊಟದ ಪೂರ್ತಿ ಅವನು ನನಗೆ ತಂಡದ ಚರಿತ್ರೆ ಹೇಳಿದ. ಉಕ್ಕಿನ ಕುಲುಮೆಗಳ ಊರೊಂದರಲ್ಲಿ ಲೆನರ್ಡ್ ಶಾಲೆ ಬಿಟ್ಟು ತಂಡ ಕಟ್ಟಿದ್ದು, ಮೊದಲ ಹಾಡುಗಾರ ಎರಡನೇ ರೆಕಾರ್ಡು ಬರುವ ಮೊದಲೇ ಬಿಟ್ಟುಹೋಗಿದ್ದು, ಎರಡನೆಯವನು "ಆಧ್ಯಾತ್ಮಿಕ ಕಾರಣಗಳಿಗಾಗಿ" ತ್ಯಜಿಸಿದ್ದು, ಆಮೇಲೆ ಅಂಚೆ ಹಂಚುತ್ತಿದ್ದ ಗಾರ್ಡನ್ ಬಂದು ಚಿನ್ನದಂಥ ವರ್ಷಗಳು ಬಂದದ್ದು, ಹೊಸ ಕಾಲದ ಸಂಗೀತ ಬಂದು ಇವರನ್ನು ಮೂಲೆಗೆ ತಳ್ಳಿದ್ದು, ತಂಡ ಒಡೆದದ್ದು, ಮತ್ತೆ ಕೂಡಿದ್ದು.

ನಾನು ವೇದಿಕೆಯ ಪಕ್ಕದ ಚರಿತ್ರೆ ಹೇಳಿದೆ. ಮೊದಲನೆಯವನು ಬಿಟ್ಟದ್ದು ಕುರಿ ಸಾಕಲು. ಎರಡನೆಯವನ ಅಧ್ಯಾತ್ಮದ ಹೆಸರು ಮಾರ್ಗರೆಟ್. ಮತ್ತೆ ಕೂಡಿದ್ದು ಯಾಕೆಂದರೆ ಇಂಗ್ಲೆಂಡಿನವರು ಮರೆತರೂ ಜರ್ಮನಿಯವರು ಮರೆಯಲಿಲ್ಲ. ಇಲ್ಲಿನ ಜನ ಒಮ್ಮೆ ಮೆಚ್ಚಿದರೆ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

"ಹಂಗಾದ್ರ ಕುಲುಮಿ ಹಾಡು, ಕಾಕಾ?" ಎಂದ ಮಲ್ಲು, ದೇವರ ವಿಷಯ ಕೇಳುವವನ ಹಾಗೆ.

ಆ ಹಾಡಿನ ಹೆಸರು ಉದ್ದ, ನಾವೆಲ್ಲ ಕುಲುಮೆ ಹಾಡು ಎಂದೇ ಕರೆಯುತ್ತಿದ್ದೆವು. ಕೊನೆಯ ಪಲ್ಲವಿಗೆ ಲೆನರ್ಡ್ ವೇದಿಕೆಯ ಅಂಚಿಗೆ ಬಂದು ಗಿಟಾರನ್ನು ಆಕಾಶಕ್ಕೆ ಎತ್ತುತ್ತಾನೆ. ಇಡೀ ಹಾಡು ಎರಡು ಮನೆ ಮೇಲಕ್ಕೆ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರರಿಂದ ಕಪ್ಪು ಮೂರಕ್ಕೆ. ಗಾರ್ಡನ್ ಅದರ ಮೇಲೆ ಸವಾರಿ ಮಾಡುತ್ತಾನೆ. ಜನ ಟಿಕೆಟ್ ಕೊಳ್ಳುತ್ತಿದ್ದದ್ದೇ ಆ ಒಂದು ಗಳಿಗೆಗೆ. ಮುಂದಿನ ಟೂರಿನಲ್ಲಿ ಸ್ಟುಟ್‌ಗಾರ್ಟಿನ ಕಾರ್ಯಕ್ರಮಕ್ಕೆ ಪಾಸು ಕೊಡಿಸುತ್ತೇನೆಂದು ಮಲ್ಲುವಿಗೆ ಮಾತು ಕೊಟ್ಟೆ.

ಆ ಟೂರಿನಲ್ಲಿಯೇ ನಮ್ಮ ಕೆಲಸದ ರೀತಿ ಬದಲಾಯಿತು. ಕಾಲ ಬುಡದ ದೊಡ್ಡ ಸ್ಪೀಕರುಗಳು ಹೋಗಿ ಕಿವಿಯೊಳಗೇ ಇಡುವ ಸಣ್ಣ ಸ್ಪೀಕರುಗಳು ಬಂದವು. ಕಿವಿ ಪೂರ್ತಿ ಮುಚ್ಚಿಬಿಡುತ್ತದೆ, ನಾನು ಬಿಟ್ಟದ್ದಷ್ಟೇ ಅವರಿಗೆ ಕೇಳುತ್ತದೆ. ಲೆನರ್ಡ್, "ಅದು ಅಜ್ಜಂದಿರಿಗೆ" ಎಂದು ಬೇಡವೆಂದ. ಗಾರ್ಡನ್ ಮಾತ್ರ ಆಸೆಯಿಂದ ಹಾಕಿಕೊಂಡ. ನನಗೆ ಸಂಶಯ ಬಂದದ್ದು ಆಗಲೇ. ಮೊದಲು ಅವನು ಎಲ್ಲ ಗಾಯಕರ ಹಾಗೆ, ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಸೌಂಡಿನಲ್ಲಿ ತಪ್ಪು ಹುಡುಕುತ್ತಿದ್ದ. ಈಗ ಏನು ಕೊಟ್ಟರೂ ಚೆನ್ನಾಗಿದೆ ಎನ್ನತೊಡಗಿದ. ಗಾಯಕ ದೂರುವುದನ್ನು ಬಿಟ್ಟರೆ ಗಾಬರಿಯಾಗಬೇಕು, ಅದಿತಿ.

ಇದೆಲ್ಲ ಟೂರು ಶುರುವಾಗುವ ಮೊದಲು, ನ್ಯೂರೆಂಬರ್ಗಿನ ತಾಲೀಮಿನಲ್ಲಿ. ಒಂದು ಮಧ್ಯಾಹ್ನ ಅವನು ಒಬ್ಬನೇ ನನ್ನ ಹತ್ತಿರ ಬಂದ.

"ವಾಲಿ, ನನಗೆ ಗಿಟಾರ್ ಕೇಳುತ್ತದೆ, ಆದರೆ ಯಾವ ಸ್ವರ ಅಂತ ಗೊತ್ತಾಗುವುದಿಲ್ಲ. ಬರೀ ಗದ್ದಲ. ಡಾಕ್ಟರು ಸರಿಯಾಗುವುದಿಲ್ಲ ಎಂದಿದ್ದಾರೆ. ಲೆನ್‌ಗೆ ಗೊತ್ತಾದರೆ ಹೊಸಬನನ್ನು ತರುತ್ತಾನೆ. ಹುಡುಕಿಯೂ ಇಟ್ಟಿದ್ದಾರೆ. ಈ ಕೆಲಸ ಬಿಟ್ಟರೆ ನಾನು ಏನು ಮಾಡಲಿ? ಮತ್ತೆ ಅಂಚೆ ಹಂಚಲೇ?"

ನಗುತ್ತಲೇ ಹೇಳಿದ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಊರಿನಲ್ಲಿ ಒಬ್ಬ ಹಳೆಯ ಭಾಗವತರಿಗೆ ಹೀಗೇ ಆಗಿತ್ತು. ಆಗ ನಾವು ಶ್ರುತಿ ಪೆಟ್ಟಿಗೆಯನ್ನು ಅವರ ಕಿವಿಗೆ ಅಂಟುವಷ್ಟು ಹತ್ತಿರ ಇಡುತ್ತಿದ್ದೆವು. ಬೇರೇನೂ ಕೇಳದಿದ್ದರೂ ಷಡ್ಜವೊಂದು ಕೇಳುತ್ತಿದ್ದರೆ ಸಾಕು, ಬೆಳಗಿನವರೆಗೆ ಹಾಡುತ್ತಿದ್ದರು.

ಮಲ್ಲುವಿಗೆ ಫೋನ್ ಮಾಡಿದೆ. "ಹೋಯ್, ನಿನ್ನ ಹತ್ರ ಶ್ರುತಿ ಪೆಟ್ಟಿಗೆ ಉಂಟಾ?"

"ಎಲೆಕ್ಟ್ರಾನಿಕ್ ತಂಬೂರಿ ಐತ್ರಿ ಕಾಕಾ. ಅಪ್ಪ ಕೊಟ್ಟ್ ಕಳಿಸ್ಯಾನ. ಚಟ್ನಿಪುಡಿ ಕೆಳಗ ಇಟ್ಕೊಂಡ್ ಬಂದೀನಿ. ಯಾಕ್ರಿ, ಯಕ್ಷಗಾನ ಬಿಟ್ಟು ನಮ್ಮ ಕಡೆ ಬರ್ತೀರೇನು?"

ಒಂದು ಕಾರ್ಯಕ್ರಮಕ್ಕೆ ಬೇಕು ಎಂದೆ. ಸುಳ್ಳಲ್ಲ. ಪೆಟ್ಟಿಗೆ ಪಾರ್ಸೆಲಿನಲ್ಲಿ ಬಂತು, ಒಳಗೆಲ್ಲ ಶೇಂಗಾ ಚಟ್ನಿಯ ಘಮ. ಅದರ ತಂತಿಯನ್ನು ನನ್ನ ಮಿಕ್ಸರಿಗೆ ಜೋಡಿಸಿ, ಗಾರ್ಡನ್‌ನ ಕಿವಿಗೆ ಮಾತ್ರ ಬಿಟ್ಟೆ. ಅವನು ಕಣ್ಣು ಮುಚ್ಚಿ ಕೇಳಿದ. ಬಾಯಿ ತೆರೆದು ಒಂದು ಸ್ವರ ಹಿಡಿದ. ತಂಬೂರಿಗೆ ಅಂಟಿಕೊಂಡು ನಿಂತಿತು. "ಇದು ಎಲ್ಲಿತ್ತು ಇಷ್ಟು ದಿನ?" ಎಂದ. "ಚಟ್ನಿಪುಡಿಯ ಕೆಳಗೆ" ಎಂದೆ.

ಹಾಡಿನಿಂದ ಹಾಡಿಗೆ ನಡುವಿನ ಕತ್ತಲೆಯಲ್ಲಿ ನಾನು ಗುಂಡಿ ತಿರುಗಿಸಿ ಶ್ರುತಿ ಬದಲಿಸುತ್ತಿದ್ದೆ. ಇಂಗ್ಲಿಷ್ ಹಾರ್ಡ್ ರಾಕ್ ತಂಡವೊಂದು ಧಾರವಾಡದ ತಂಬೂರಿಯ ಮೇಲೆ ಕೂತು ಜರ್ಮನಿ ಸುತ್ತಿತು. ಯಾರಿಗೂ ಗೊತ್ತಾಗಲಿಲ್ಲ.

ತೊಂದರೆ ಕೊಟ್ಟದ್ದು ಕುಲುಮೆ ಹಾಡು. ಅದರ ಶ್ರುತಿ ಹಾಡಿನ ನಡುವೆಯೇ ಏರುತ್ತದೆ. ಗುಂಡಿ ತಿರುಗಿಸಿದರೆ ತಂಬೂರಿ ಬಾಲ ತುಳಿದ ಬೆಕ್ಕಿನಂತೆ ಕೂಗುತ್ತದೆ. ಹಾಗಾಗಿ ಮೊದಲು ಅದರ ದನಿ ಮುಚ್ಚಬೇಕು, ತಿರುಗಿಸಬೇಕು, ಮತ್ತೆ ತೆರೆಯಬೇಕು. ಅಷ್ಟರಲ್ಲಿ ಪಲ್ಲವಿ ಶುರುವಾಗಿರುತ್ತದೆ. ಈಗ ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ ಸಾಕು, ನಗಬೇಡ ಅದಿತಿ. ಅಂದು ನನ್ನ ಕೈಯಲ್ಲಿದ್ದದ್ದು ಒಂದೇ ಪೆಟ್ಟಿಗೆ, ಒಂದೇ ಗುಂಡಿ. ಮೊದಲ ಊರುಗಳಲ್ಲಿ ಹೇಗೋ ದಾಟಿತು. ಕೊಲೋನಿನಲ್ಲಿ ನನ್ನ ಬೆರಳು ಜಾರಿತು. ಲೆನರ್ಡ್ ಏರಿದ, ಗಾರ್ಡನ್ ಕುರುಡನಂತೆ ತಡಕಾಡಿ ಎಲ್ಲೋ ನಡುವಿನ ಸ್ವರದಲ್ಲಿ ನಿಂತ. ಅಪಸ್ವರವೆಂದರೆ ಅಪಸ್ವರ. ಜನ ಕುಡಿದಿದ್ದರು, ಚಪ್ಪಾಳೆ ಹೊಡೆದರು. ಲೆನರ್ಡ್ ಮಾತ್ರ ತಿರುಗಿ ಅವನನ್ನು ನೋಡಿದ. ಇಬ್ಬರೂ ವೇದಿಕೆಯ ಮೇಲೆ ಮುಖ ನೋಡಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೇ ದಿನ ಬಸ್ಸಿನಲ್ಲಿ ಪೀಟ್ ಮೆಲ್ಲಗೆ ಹೇಳಿದ: ಲಂಡನ್ನಿನಿಂದ ಮ್ಯಾನೇಜರ್ ಸ್ಟುಟ್‌ಗಾರ್ಟಿಗೆ ಬರುತ್ತಾನೆ. ಜೊತೆಗೆ ಆ ಹೊಸ ಹುಡುಗನೂ. ಇನ್ನೊಮ್ಮೆ ಹಾಗಾದರೆ ಟೂರಿನ ಉಳಿದರ್ಧವನ್ನು ಹೊಸಬನೇ ಹಾಡುತ್ತಾನೆ.

ಸ್ಟುಟ್‌ಗಾರ್ಟಿನಲ್ಲಿ ಮಧ್ಯಾಹ್ನ ಸೌಂಡ್ ಚೆಕ್. ಗಾರ್ಡನ್ ಮೈಕಿನ ಮುಂದೆ ನಿಂತು ಹಾಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನ ಮಿಕ್ಸರಿನ ಹತ್ತಿರ ಬಾರದಿದ್ದ ಲೆನರ್ಡ್ ಗಿಟಾರ್ ಕೆಳಗಿಟ್ಟು ನೇರ ನನ್ನ ಬಳಿಗೇ ಬಂದ. "ಅವನ ಕಿವಿಯಲ್ಲಿ ಏನಿದೆಯೋ ಅದನ್ನು ನನಗೆ ಕೇಳಿಸು" ಎಂದು ಹೆಡ್‌ಫೋನಿಗೆ ಕೈ ಚಾಚಿದ.

ಕೊಡದೆ ವಿಧಿಯಿಲ್ಲ. ಕೊಟ್ಟೆ.

ಅವನು ಕೇಳುತ್ತ ನಿಂತ. "ಇದೇನು?"

"ತಂಬೂರಿ. ನಮ್ಮ ಕಡೆ ಶ್ರುತಿಗೆ ಇಡುತ್ತಾರೆ."

"ಅವನಿಗೆ ನಾನು ಕೇಳಿಸುವುದಿಲ್ಲವೇ?"

ಗಾರ್ಡನ್‌ಗೆ ಮಾತು ಕೊಟ್ಟಿದ್ದೆ. ಆದರೆ ಲೆನರ್ಡನ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಉಂಟು. ಕೇಳಿಸುವುದಿಲ್ಲವೇ ಎನ್ನಲಿಲ್ಲ, ನಾನು ಕೇಳಿಸುವುದಿಲ್ಲವೇ ಎಂದ.

"ಕುಲುಮೆ ಹಾಡಿಗೆ ಏನು ಮಾಡುತ್ತೀ?"

"ಗುಂಡಿ ತಿರುಗಿಸುತ್ತೇನೆ."

"ಕೊಲೋನಿನಲ್ಲಿ?"

"ತಡವಾಯಿತು."

ಗಾರ್ಡನ್ ಹಾಡು ಮುಗಿಸುವವರೆಗೂ ಲೆನರ್ಡ್ ಹೆಡ್‌ಫೋನ್ ತೆಗೆಯಲಿಲ್ಲ. ಆಮೇಲೆ ತೆಗೆದು, ಅದರ ವಯರನ್ನು ಒಂದು ಸುತ್ತು ಮೇಲಿಂದ ಒಂದು ಸುತ್ತು ಕೆಳಗಿಂದ ಚೊಕ್ಕವಾಗಿ ಸುತ್ತಿ ಮೊಳೆಗೆ ಹಾಕಿದ. "ನಿನ್ನ ಪೆಟ್ಟಿಗೆ ಕೂದಲೆಳೆಯಷ್ಟು ಇಳಿದಿದೆ. ನನ್ನ ತಂತಿಯ ಶ್ರುತಿಗೆ ಸೇರಿಸು" ಎಂದು ಹೇಳಿ ಹೋದ. ಅದರ ಅರ್ಥ ಏನೆಂದು ನನಗೆ ಸಂಜೆಯವರೆಗೂ ತಿಳಿಯಲಿಲ್ಲ. ಆದರೂ ಪೆಟ್ಟಿಗೆಯನ್ನು ಸೇರಿಸಿದೆ. ನಿಜವಾಗಿಯೂ ಕೂದಲೆಳೆಯಷ್ಟು ಇಳಿದಿತ್ತು.

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲೇ ಮಲ್ಲು ಮತ್ತು ಅವನ ಗ್ರೀನ್ ಕಾರ್ಡ್ ಪಟಾಲಂ, ಎಲ್ಲರೂ ಕಪ್ಪು ಬನಿಯನ್ನು ತೊಟ್ಟು ಹರಕೆ ಹೊತ್ತವರಂತೆ ನಿಂತಿದ್ದರು. ನನ್ನ ಬೆನ್ನ ಹಿಂದೆ ಮ್ಯಾನೇಜರ್, ಅವನ ಪಕ್ಕ ಚರ್ಮದ ಜಾಕೆಟ್ಟಿನ ಹೊಸ ಹುಡುಗ. ಪಾಪ, ಚಂದದ ಹುಡುಗ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು.

ಕುಲುಮೆ ಹಾಡು ಬಂತು. ಕೊನೆಯ ಪಲ್ಲವಿ ಹತ್ತಿರವಾಯಿತು. ನನ್ನ ಒಂದು ಕೈ ಮಿಕ್ಸರಿನ ಮೇಲೆ, ಇನ್ನೊಂದು ಕೈ ತಂಬೂರಿಯ ಗುಂಡಿಯ ಮೇಲೆ. ಲೆನರ್ಡ್ ಎಂದಿನಂತೆ ನಡುವಿನ ಅಂಚಿಗೆ ಹೋಗಲಿಲ್ಲ. ನನ್ನ ಕಡೆಗೆ ಬಂದ. ಗಿಟಾರ್ ಎತ್ತುವ ಗಳಿಗೆಗೆ ಸರಿಯಾಗಿ ನನ್ನ ಕಣ್ಣಿಗೆ ಕಣ್ಣಿಟ್ಟು, ಬೇಡ ಎಂದು ತಲೆ ಆಡಿಸಿದ.

ಅವನು ಏರಲಿಲ್ಲ. ಹಾಡನ್ನು ಬಿಳಿ ಮೂರರಲ್ಲೇ ಇಟ್ಟ. ಪೀಟ್ ಗಲಿಬಿಲಿಯಲ್ಲಿ ಒಂದು ಪೆಟ್ಟು ತಪ್ಪಿದ. ನಮ್ಮ ಬೇಸಿನ ಒಳ್ಳೆಯ ಮನುಷ್ಯ ಅಭ್ಯಾಸಬಲದಿಂದ ಒಬ್ಬನೇ ಮೇಲಿನ ಮಹಡಿಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಕಂಡು ಇಳಿದು ಬಂದ. ಗಾರ್ಡನ್‌ಗೆ ಇದೊಂದೂ ಗೊತ್ತಿಲ್ಲ. ಅವನ ಕಿವಿಯಲ್ಲಿ ತಂಬೂರಿ ನಿಲ್ಲದೆ ಮೊರೆಯುತ್ತಿತ್ತು. ಅವನು ಕಣ್ಣು ಮುಚ್ಚಿ, ಎದೆ ತುಂಬಿ, ಒಂದು ಸ್ವರವೂ ಅಲುಗದಂತೆ ಹಾಡಿದ. ಅಂಥ ಹಾಡನ್ನು ನಾನು ಅವನಿಂದ ಅದರ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನನಗೆ ಅಳು ಬಂತು. ಮಿಕ್ಸರಿನ ದೀಪಗಳೆಲ್ಲ ಕಲಸಿಕೊಂಡವು.

ಹಿಂದಿನಿಂದ ಮ್ಯಾನೇಜರ್ ಹೇಳಿದ್ದು ಕೇಳಿಸಿತು: "ಹಾಡುವವನಲ್ಲ, ಗಿಟಾರಿನವನು ಮುದುಕನಾಗಿದ್ದಾನೆ." ಹೊಸ ಹುಡುಗ ಮರುದಿನ ವಿಮಾನ ಹತ್ತಿ ವಾಪಸು ಹೋದ.

ಅದೇ ಮರುದಿನ ಮಧ್ಯಾಹ್ನ ಸಿಂಡೆಲ್‌ಫಿಂಗೆನ್‌ನಲ್ಲಿ ಮಲ್ಲುವಿನ ಮನೆಯಲ್ಲಿ ಊಟ. ಊರಿಂದ ಬಂದ ಒಣ ಜೋಳದ ರೊಟ್ಟಿ, ಎಣ್ಣೆಗಾಯಿ. ತಿನ್ನುವವರ ಮುಖವೆಲ್ಲ ಸೂತಕದ ಮನೆಯವರಂತೆ.

"ಏನ್ ಕಾಕಾ ಇದು! ಇಷ್ಟ್ ವರ್ಷ ಕಾದ್ ಹೋದ್ರ ಮೇನ್ ಜಾಗಾದಾಗ ಮರ್ತು ನಿಂತನಲ್ರಿ ಮುದುಕ! ಏರ್ಲೇ ಇಲ್ಲ! ಗಾರ್ಡನ್ ಎಷ್ಟ್ ಚಲೋ ಹಾಡಿದಾ, ಇಂವಾ ಕೆಡಿಸಿಬಿಟ್ಟ. ನಾ ಇಂಟರ್ನೆಟ್‌ನ್ಯಾಗ ಬರದೀನ್ರಿ, ಫ್ಯಾನ್ಸ್ ಪೇಜಿನ್ಯಾಗ. ಲೆನರ್ಡ್‌ಗ ಅರಳುಮರಳು ಆಗೇತಿ ಅಂತ."

ನಾನು ಇನ್ನೊಂದು ರೊಟ್ಟಿ ಮುರಿದೆ. "ಆಗಿರ್ಬೇಕು ಮಾರಾಯ" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೇರೇನು ಹೇಳಲಿ?

ಆ ಮೇಲೆ ಲೆನರ್ಡ್ ಒಂದು ದಿನವೂ ಆ ಹಾಡನ್ನು ಏರಿಸಲಿಲ್ಲ. ಮಲ್ಲು ಬರೆದದ್ದನ್ನು ಓದಿ ಮಿಕ್ಕ ಅಭಿಮಾನಿಗಳೂ ಬರೆದರು. ಪೇಪರಿನವರೂ ಅವನ ಕೈ ಸೋತಿದೆ ಎಂದರು. ಎಲ್ಲಕ್ಕಿಂತ ಹೆಚ್ಚು ನಕ್ಕದ್ದು ಗಾರ್ಡನ್. ಒಮ್ಮೆ ಊಟದ ಮೇಜಿನಲ್ಲಿ ಅವನು ನನ್ನ ಕಡೆ ತಿರುಗಿ, "ವಾಲಿ, ಅವನಿಗೆ ತನ್ನ ಹಾಡೇ ಮರೆತುಹೋಗುತ್ತಿದೆ ಅಂತ ಹೇಳು" ಎಂದ.

ಅದೇ ಮೇಜಿನಲ್ಲಿ ಕೂತಿದ್ದ ಲೆನರ್ಡನ ಕಡೆ ನಾನು ತಿರುಗಿದೆ. ಅವನು ಆಲೂಗೆಡ್ಡೆ ಹೆಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ಹೌದಂತೆ ಅಂತ ಹೇಳು" ಎಂದ.

ತಂಡ ಇನ್ನೂ ಕೆಲವು ವರ್ಷ ತಿರುಗಿತು. ಗಾರ್ಡನ್ ಕೊನೆಯ ಕಾರ್ಯಕ್ರಮದವರೆಗೂ ಹಾಡಿದ. ಇಬ್ಬರೂ ಕೊನೆಯವರೆಗೂ ಮಾತಾಡಲಿಲ್ಲ. ಲೆನರ್ಡ್ ಮೊದಲು ಹೋದ. ಆ ವಾರ ಗಾರ್ಡನ್ ನನಗೆ ಫೋನ್ ಮಾಡಿ, "ಇನ್ನು ಯಾರಿಗೆ ಹೇಳಿ ಕಳಿಸಲಿ ವಾಲಿ?" ಎಂದ. ಆಗಲೂ ನಾನು ಹೇಳಲಿಲ್ಲ. ಲೆನರ್ಡ್ ಹೇಳದೆ ಹೋದದ್ದನ್ನು ಹೇಳಲು ನಾನು ಯಾರು? ಕಳೆದ ಚಳಿಗಾಲದಲ್ಲಿ ಗಾರ್ಡನ್ ಕೂಡ ಹೋದ. ಈಗ ಹೇಳಿದರೆ ಯಾರಿಗೂ ನೋವಿಲ್ಲ.

ಅದಿತಿ, ನಿನ್ನ ಕೆಲಸದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಯಾರಿಗೆ ಏನು ಕೇಳಿಸಬೇಕು ಎಂದು ನೋಡಿಕೋ, ಯಾರಿಗೆ ಏನು ಕೇಳಿಸಬಾರದು ಎಂದೂ ನೋಡಿಕೋ. ಗುಂಡಿಗಳು ಪ್ರತಿ ವರ್ಷ ಬದಲಾಗುತ್ತವೆ.

ಮಲ್ಲು, ಇನ್ನು ನಿನಗೆ. ನಿನ್ನ ಅಪ್ಪ ಕೊಟ್ಟ ತಂಬೂರಿ ವಾಪಸು ಕೊಡಲಿಲ್ಲ ಎಂದು ಇಷ್ಟು ವರ್ಷ ನನ್ನನ್ನು ಆಡಿಕೊಂಡೆ. ಲಾರಿಯಲ್ಲಿ ಕಳೆದುಹೋಯಿತು ಎಂದು ಸುಳ್ಳು ಹೇಳಿ, ಮಂಗಳೂರಿನಿಂದ ಬೇರೆ ತರಿಸಿಕೊಟ್ಟೆ. ನಿನ್ನ ಅಪ್ಪ ಕೊಟ್ಟದ್ದು ಗಾರ್ಡನ್‌ನ ಮನೆಯಲ್ಲಿ, ಅವನ ಹಾಸಿಗೆಯ ಪಕ್ಕದಲ್ಲಿ ಇತ್ತು. ಲೆನರ್ಡನಿಗೆ ಅಂದು ಯಾವ ಮರೆವೂ ಇರಲಿಲ್ಲ. ನೀನು ಬರೆದದ್ದು ಇಂಟರ್ನೆಟ್ಟಿನಲ್ಲಿ ಇನ್ನೂ ಹಾಗೇ ಉಂಟಂತೆ. ಮಗಳಿಗೆ ಇದನ್ನು ಓದಿ ಹೇಳಿ ಮುಗಿಸಿದ ಮೇಲೆ, ಕಣ್ಣೊರೆಸಿಕೊಂಡು, ಅದನ್ನು ಅಳಿಸಿಬಿಡು ಮಾರಾಯ.